ಸೇಫ್ಟಿ ಬೆಲ್ಟ್, ಹಗ್ಗ, ಫಾಲ್ ಅರೆಸ್ಟರ್: ಯಾವುದನ್ನು ಆರಿಸಬೇಕು, ಯಾರಿಂದ ತಪಾಸಣೆ ಮಾಡಿಸಬೇಕು

ಕಲಬುರಗಿಯ ಕಪನೂರಿನ ದಾಲ್ ಮಿಲ್ಲಿರಲಿ, ಸೇಡಂ–ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಿರಲಿ, ಬೀದರಿನ ಕೊಳಾರ ಅಥವಾ ಯಾದಗಿರಿಯ ಕಡೇಚೂರಿನ ಔಷಧ ಘಟಕವಿರಲಿ, ಎತ್ತರದಲ್ಲಿ ಕೆಲಸ ಮಾಡುವವರಿಗೆ ಸೇಫ್ಟಿ ಬೆಲ್ಟ್ ಕೊಳ್ಳುವಾಗ ಮೊದಲ ಮಾತು ರೇಟಿನದು. ಎರಡನೆಯದು ಐಎಸ್‌ಐ ಗುರುತಿನದು. ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ: ಈ ಸಾಮಾನು ಕೆಟ್ಟಾಗ ನೋಡಿದವರಿಗೆ ಗೊತ್ತಾಗುತ್ತದೆಯೆ?

ಬೈಕಿನ ಬ್ರೇಕನ್ನು ದಿನಕ್ಕೆ ನೂರು ಸಲ ಹಿಡಿದು ನೋಡಬಹುದು. ಬೆಲ್ಟಿಗೆ ಆ ಸೌಲಭ್ಯ ಇಲ್ಲ. ಅದರ ನಿಜವಾದ ಪರೀಕ್ಷೆ ಒಂದೇ ಸಲ, ಅದೂ ಮನುಷ್ಯ ಬಿದ್ದ ಗಳಿಗೆಯಲ್ಲಿ. ಮೂಟೆ ಕಟ್ಟಿ ಬೀಳಿಸಿ ನೋಡಿದ ಬೆಲ್ಟ್ ಆಮೇಲೆ ಮನುಷ್ಯನಿಗೆ ಬರುವುದಿಲ್ಲ. ಹಾಗಾಗಿ ತಪಾಸಣೆ ಅಂದರೆ ಕಣ್ಣು, ಬೆರಳು, ಒಂದಿಷ್ಟು ಬೆಳಕು, ಅಷ್ಟೇ. ಬಿಚ್ಚಿ ನೋಡಲು ಬರುವುದು, ಮುಟ್ಟಿದರೆ ಗೊತ್ತಾಗುವುದು, ಬಿದ್ದ ಗುರುತು ತಾನೇ ತೋರಿಸುವುದು: ಇವನ್ನು ಮೊದಲು ಆರಿಸಿ, ಆಮೇಲೆ ರೇಟಿಗೆ ಚೌಕಾಶಿ ಮಾಡಿ. ಕೆಳಗಿನ ಹೋಲಿಕೆಯೆಲ್ಲ ಈ ಕಣ್ಣಿನಿಂದಲೇ.

ಸೊಂಟದ ಬೆಲ್ಟೋ, ಫುಲ್ ಬಾಡಿಯೋ

ಇದರಲ್ಲಿ ಹೋಲಿಸುವುದಕ್ಕೆ ಹೆಚ್ಚೇನೂ ಇಲ್ಲ. ಬಿದ್ದವನನ್ನು ತಡೆಯುವ ಕೆಲಸಕ್ಕೆ ಸೊಂಟದ ಬೆಲ್ಟ್ ಬೇಡವೇ ಬೇಡ. ಎಳೆತವೆಲ್ಲ ಹೊಟ್ಟೆ, ಬೆನ್ನುಮೂಳೆಯ ಮೇಲೆ ಬೀಳುತ್ತದೆ, ಇಲ್ಲವೇ ಮನುಷ್ಯ ತಲೆಕೆಳಗಾಗಿ ಬೆಲ್ಟಿನಿಂದಲೇ ಜಾರಿಹೋಗುತ್ತಾನೆ. ಕಂಬ ಹತ್ತಿ ಒರಗಿ ನಿಂತು ಕೆಲಸ ಮಾಡುವಾಗ ಸೊಂಟದ ಪಟ್ಟಿ ಬೇಕಾಗಬಹುದು, ಆಗಲೂ ಅದು ಹೆಗಲು, ತೊಡೆಗೂ ಪಟ್ಟಿಯಿರುವ ಫುಲ್ ಬಾಡಿ ಹಾರ್ನೆಸ್ಸಿನ ಭಾಗವಾಗಿಯೇ ಇರಬೇಕು. ಭಾರತದ ಮಾನದಂಡ ಐಎಸ್ 3521. ಆಮದು ಮಾಲಾದರೆ ಯುರೋಪಿನ ಮಾನದಂಡದ ಗುರುತು, ಹಾರ್ನೆಸ್ಸಿನ ಮೇಲೆ ಇಎನ್ 361, ಬಿದ್ದಾಗಿನ ಎಳೆತ ತಗ್ಗಿಸುವ ಶಾಕ್ ಅಬ್ಸಾರ್ಬರ್ ಮೇಲೆ ಇಎನ್ 355, ಹುಕ್ಕಿನ ಮೇಲೆ ಇಎನ್ 362, ಹಗ್ಗ ತಾನೇ ಒಳಗೆ ಸುತ್ತಿಕೊಳ್ಳುವ ರಿಟ್ರ್ಯಾಕ್ಟೇಬಲ್ ಮೇಲೆ ಇಎನ್ 360 ಎಂದಿರುತ್ತದೆ. ಹಾರ್ನೆಸ್ಸಿಗೆ ಗುರುತಿದ್ದು ಅದರ ಹಗ್ಗಕ್ಕೆ ಗುರುತಿಲ್ಲದ ಸೆಟ್ಟುಗಳೂ ಮಾರುಕಟ್ಟೆಯಲ್ಲಿವೆ. ಎರಡನ್ನೂ ಬೇರೆಬೇರೆಯಾಗಿ ನೋಡಿ.

ಹಾರ್ನೆಸ್ ಆರಿಸುವಾಗ ತಪಾಸಣೆಗೆ ನೆರವಾಗುವ ಮೂರು ಸಂಗತಿಗಳಿವೆ. ಒಂದು, ಹೊಲಿಗೆಯ ದಾರ ಪಟ್ಟಿಗಿಂತ ಬೇರೆ ಬಣ್ಣದ್ದಾಗಿರಬೇಕು. ಕಪ್ಪು ಪಟ್ಟಿಗೆ ಕಪ್ಪು ದಾರ ನೋಡಲು ಚೆಂದ, ಆದರೆ ನಾಲ್ಕು ಹೊಲಿಗೆ ಹರಿದುಹೋದರೂ ಕಣ್ಣಿಗೆ ಬೀಳುವುದಿಲ್ಲ. ಎರಡು, ಬೆನ್ನಿನ ಡಿ-ರಿಂಗ್ (ಹಗ್ಗ ಸಿಕ್ಕಿಸುವ ಲೋಹದ ಬಳೆ) ಬಳಿ ಫಾಲ್ ಇಂಡಿಕೇಟರ್ ಇರಬೇಕು. ಮಡಚಿ ಸಣ್ಣ ಹೊಲಿಗೆ ಹಾಕಿದ ಪಟ್ಟಿಯ ಮಡಿಕೆ ಅದು. ಬಿದ್ದಾಗ ಹೊಲಿಗೆ ಬಿಚ್ಚಿ ಒಳಗಿನ ಕೆಂಪು ಪಟ್ಟಿಯೋ ಅಕ್ಷರವೋ ಹೊರಗೆ ಕಾಣುತ್ತದೆ. ಬಿದ್ದದ್ದನ್ನು ಹುಡುಗ ಹೇಳದಿದ್ದರೂ ಬೆಲ್ಟ್ ಹೇಳುತ್ತದೆ. ಮೂರು, ಬೆನ್ನಿನ ಪ್ಯಾಡ್ ಸರಿಸಿ ಒಳಗಿನ ಪಟ್ಟಿ ನೋಡಲು ಬರಬೇಕು. ಪ್ಯಾಡನ್ನು ಗಟ್ಟಿಯಾಗಿ ಹೊಲಿದುಬಿಟ್ಟ ಮಾದರಿಯಲ್ಲಿ ಧೂಳು, ಬೆವರು ಸೇರಿ ಮೊದಲು ಕೊಳೆಯುವ ಜಾಗವೇ ಮರೆಯಾಗಿರುತ್ತದೆ.

ಪಟ್ಟಿ: ಪಾಲಿಯೆಸ್ಟರ್, ನೈಲಾನ್, ಅರಾಮಿಡ್

ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. ಜಾಗಕ್ಕೆ ತಕ್ಕ ಪಟ್ಟಿ ಆರಿಸದೆ, ವರ್ಷ ತುಂಬುವ ಮೊದಲೇ ಬೆಲ್ಟ್ ಹಾಳಾಯಿತೆಂದು ಮಾರಿದವನನ್ನು ಬೈಯುತ್ತಾರೆ.

ಅಂಗಡಿಯಲ್ಲಿ ಸಿಗುವ ಹಾರ್ನೆಸ್ಸುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಅದು ಬಿಸಿಲನ್ನು ನೈಲಾನಿಗಿಂತ ಚೆನ್ನಾಗಿ ತಾಳುತ್ತದೆ, ಆಮ್ಲಕ್ಕೂ ಬೇಗ ಸೋಲುವುದಿಲ್ಲ, ಒದ್ದೆಯಾದರೂ ಬಲ ಕಳೆದುಕೊಳ್ಳುವುದಿಲ್ಲ. ಸೋಲುವುದು ತೀಕ್ಷ್ಣ ಕ್ಷಾರಕ್ಕೆ. ನೈಲಾನಿನದು ತಿರುಗುಮುರುಗು: ಕ್ಷಾರಕ್ಕೆ ಗಟ್ಟಿ, ಆಮ್ಲಕ್ಕೆ ಮೆತ್ತಗೆ, ನೀರು ಕುಡಿದರೆ ಬಲ ಸ್ವಲ್ಪ ಇಳಿಯುತ್ತದೆ, ಬಿಸಿಲಿಗೆ ಬೇಗ ಬಾಡುತ್ತದೆ. ಎರಡೂ ಸುಮಾರು 220ರಿಂದ 260 ಡಿಗ್ರಿ ಸೆಲ್ಸಿಯಸ್ ನಡುವೆ ಕರಗಿಹೋಗುತ್ತವೆ. ಬಿಸಿ ತಾಳುವ ನೂಲಾದ ಅರಾಮಿಡ್ ಕರಗುವುದಿಲ್ಲ, ಅದಕ್ಕೂ ಬಹಳ ಹೆಚ್ಚಿನ ಬಿಸಿಯಲ್ಲಿ ಕರಿಕಲಾಗುತ್ತದೆ. ಆದರೆ ಬೆಲೆ ಹೆಚ್ಚು, ಬಿಸಿಲಿನಲ್ಲಿ ಬಲ ಕಳೆದುಕೊಳ್ಳುತ್ತದೆ.

ಈಗ ಜಾಗದ ಲೆಕ್ಕ. ಕಾಗಿಣಾ ಕಣಿವೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಧೂಳು ಎರಡು ಬಗೆ. ಕ್ರಷರ್, ರಾ ಮಿಲ್ ಕಡೆ ಇರುವುದು ಸುಣ್ಣಕಲ್ಲಿನ ಪುಡಿ. ಅದು ಮರಳುಕಾಗದದ ಹಾಗೆ ಎಳೆಗಳ ನಡುವೆ ಕೂತು ಉಜ್ಜುತ್ತದೆಯೇ ಹೊರತು ಸುಡುವುದಿಲ್ಲ. ಸಿಮೆಂಟ್ ಮಿಲ್, ಸೈಲೋ, ಪ್ಯಾಕಿಂಗ್ ಕಡೆಯದು ಸಿಮೆಂಟೇ. ಬೆವರಿಗೋ ಮಳೆಗೋ ಒದ್ದೆಯಾದರೆ ಅದರ ಪಿಎಚ್ 12–13ಕ್ಕೆ ಏರುತ್ತದೆ, ಅಂದರೆ ತೀಕ್ಷ್ಣ ಕ್ಷಾರ. ಒಣ ಸಿಮೆಂಟ್ ಕೊಡವಿ ತೆಗೆಯಬಹುದು. ಒದ್ದೆಯಾಗಿ ಗಟ್ಟಿಯಾದದ್ದು ಪಟ್ಟಿಯೊಳಗೆ ಕಲ್ಲಾಗಿ ಕೂರುತ್ತದೆ, ಮಡಚಿದಾಗಲೆಲ್ಲ ಎಳೆ ಮುರಿಯುತ್ತದೆ. ಬೆರಳಿಗೆ ರಟ್ಟಿನ ಹಾಗೆ ತಾಗುವ ಪಟ್ಟಿ ಅಲ್ಲಿಗೆ ಮುಗಿದ ಹಾಗೆ. ಈ ಜಾಗಕ್ಕೆ ಕೋಟಿಂಗ್ ಇರುವ, ಒರೆಸಿದರೆ ಶುಚಿಯಾಗುವ ಪಟ್ಟಿ ಕೊಳ್ಳುವುದು ಲೇಸು. ಹೆಚ್ಚು ಕೊಟ್ಟ ದುಡ್ಡು ಬೆಲ್ಟಿನ ಆಯುಸ್ಸಿನಲ್ಲಿ ವಾಪಸು ಬರುತ್ತದೆ. ಕೋಟಿಂಗಿಗೂ ಒಂದು ಕೊರತೆಯಿದೆ: ಒಳಗಿನ ಎಳೆ ಕಾಣುವುದಿಲ್ಲ. ಆದ್ದರಿಂದ ಕೋಟಿಂಗ್ ಸುಲಿದು ಎಳೆ ಹೊರಗೆ ಬಂದ ದಿನವೇ ಅದನ್ನು ಬಳಕೆಯಿಂದ ತೆಗೆಯಬೇಕು.

ಕಿಲ್ನ್ (ಸಿಮೆಂಟಿನ ಕುಲುಮೆ) ಸುತ್ತ, ಪ್ರೀಹೀಟರ್ ಮೇಲೆ ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡುವವರಿಗೆ ಅರಾಮಿಡ್ಡೇ ಬೇಕು. ಪಾಲಿಯೆಸ್ಟರ್ ಮೇಲೆ ವೆಲ್ಡಿಂಗ್ ಕಿಡಿ ಬಿದ್ದರೆ ಸಾಸಿವೆ ಗಾತ್ರದ, ಮುಟ್ಟಿದರೆ ಗಟ್ಟಿಯಾದ, ಹೊಳೆಯುವ ಚುಕ್ಕೆ ಉಳಿಯುತ್ತದೆ. ಒಂದು ಚುಕ್ಕೆ ಅಂದರೆ ಹಲವು ಎಳೆ ಕರಗಿ ಅಂಟಿಕೊಂಡಿವೆ ಎಂದರ್ಥ. ಹಾರ್ನೆಸ್ ಅರಾಮಿಡ್ ತಂದು ಹಗ್ಗ ಮಾತ್ರ ಮಾಮೂಲಿ ಪಾಲಿಯೆಸ್ಟರಿನದನ್ನೇ ಹಾಕುವವರಿದ್ದಾರೆ. ಕಿಡಿ ಮೊದಲು ಬೀಳುವುದು ಹಗ್ಗದ ಮೇಲೆಯೇ.

ಕೊಳಾರ, ಹುಮನಾಬಾದ್, ಕಡೇಚೂರಿನ ರಾಸಾಯನಿಕ ಮತ್ತು ಔಷಧ ಘಟಕಗಳಲ್ಲಿ ಆಯಾ ವಿಭಾಗದಲ್ಲಿ ಏನು ಚೆಲ್ಲುತ್ತದೆ ಎಂದು ಕೇಳಿ ಆರಿಸಿ. ಆಮ್ಲದ ಕಡೆಗೆ ಪಾಲಿಯೆಸ್ಟರ್, ಕಾಸ್ಟಿಕ್ ಕಡೆಗೆ ನೈಲಾನ್. ಎರಡೂ ಇರುವ ಕಡೆ ಬೆಲ್ಟುಗಳನ್ನು ವಿಭಾಗವಾರು ಬೇರೆ ಇಡಿ, ಅದಲುಬದಲಾಗಲು ಬಿಡಬೇಡಿ. ರಾಸಾಯನಿಕದ ಏಟು ಯಾವಾಗಲೂ ಬಣ್ಣಗೆಟ್ಟ ಕಲೆಯಾಗಿ ಕಾಣುವುದಿಲ್ಲ. ಉಗುರಿನಿಂದ ಕೆರೆದರೆ ಎಳೆ ಪುಡಿಯಾಗಿ ಉದುರುತ್ತಿದೆಯೆ ನೋಡಬೇಕು.

ದಾಲ್ ಮಿಲ್ಲಿನ ಕಷ್ಟ ಬೇರೆಯದು. ಅಲ್ಲಿ ಕ್ಷಾರವೂ ಇಲ್ಲ, ಆಮ್ಲವೂ ಇಲ್ಲ, ಇಲಿ ಇದೆ. ತೊಗರಿಗೆ ಸವರಿದ ಎಣ್ಣೆ, ಹೊಟ್ಟಿನ ಧೂಳು, ಬೆವರಿನ ಉಪ್ಪು ಸೇರಿದ ಪಟ್ಟಿ ಇಲಿಗೆ ತಿಂಡಿ. ಗೋಣಿಚೀಲದ ಮೇಲೆ ಎಸೆದ ಬೆಲ್ಟ್ ಒಂದೇ ರಾತ್ರಿಯಲ್ಲಿ ತೂತು ಬೀಳಬಹುದು, ಅದೂ ಕಾಲಿನ ಪಟ್ಟಿಯ ಒಳಮಗ್ಗುಲಲ್ಲಿ. ಇಲ್ಲಿ ಯಾವ ಪಟ್ಟಿ ಎನ್ನುವುದಕ್ಕಿಂತ ಮುಚ್ಚಳವಿರುವ ತಗಡಿನ ಪೆಟ್ಟಿಗೆ ಇದೆಯೆ ಎನ್ನುವುದು ಮುಖ್ಯ. ಸಕ್ಕರೆ ಕಾರ್ಖಾನೆಗಳಲ್ಲಿ ಅಂಟುವುದು ಕಾಕಂಬಿ. ಅದು ಪಟ್ಟಿಗಿಂತ ಹುಕ್ಕಿನ ಸ್ಪ್ರಿಂಗಿಗೆ ಶತ್ರು. ಗಂಧಕದ ಹೊಗೆ ಇರುವ ಕಡೆ ಹುಕ್ಕು ತುಕ್ಕು ಹಿಡಿಯುವುದೂ ಬೇಗ.

ಹಗ್ಗ: ಪಟ್ಟಿಯದೋ, ಹೊಸೆದದ್ದೋ, ವೈರಿನದೋ

ಹಾರ್ನೆಸ್ಸಿನಿಂದ ಹುಕ್ಕಿನವರೆಗಿನ ಲ್ಯಾನ್ಯಾರ್ಡನ್ನು ಇಲ್ಲಿ ಎಲ್ಲರೂ ಹಗ್ಗ ಎಂದೇ ಕರೆಯುತ್ತಾರೆ. ಮೂರು ಎಳೆ ಹೊಸೆದ ಹಗ್ಗದ ಒಂದು ದೊಡ್ಡ ಗುಣವೆಂದರೆ ಕೈಯಿಂದ ತಿರುಚಿ ಬಿಡಿಸಿ ಒಳಗನ್ನು ನೋಡಬಹುದು. ಒಳಗಿನ ಎಳೆ ಹೊಸ ಹಗ್ಗದ ಬಣ್ಣದಲ್ಲಿದ್ದರೆ ಸರಿ. ಒಳಗೆ ಪುಡಿ ತುಂಬಿದ್ದರೆ, ಎಳೆ ತುಂಡಾಗಿದ್ದರೆ ಬೇಡ. ಕವಚ ಇರುವ ಹಗ್ಗ, ಅಂದರೆ ಕರ್ನ್‌ಮ್ಯಾಂಟಲ್, ಕೈಗೆ ನಯ, ಸವೆತಕ್ಕೆ ಗಟ್ಟಿ, ಆದರೆ ಬಲವೆಲ್ಲ ಒಳಗಿನ ತಿರುಳಿನಲ್ಲಿ ಅಡಗಿರುತ್ತದೆ. ಅದನ್ನು ಪರೀಕ್ಷಿಸಲು ಒಂದೇ ದಾರಿ: ಒಂದೊಂದು ಅಡಿಯನ್ನೂ ಬೆರಳಲ್ಲಿ ಬಾಗಿಸುತ್ತ ಹೋಗುವುದು. ದುಂಡಗೆ ಬಾಗುವ ಬದಲು ಎಲ್ಲಾದರೂ ಚಪ್ಪಟೆಯಾಗಿ ಮಡಚಿಕೊಂಡರೆ ಅಲ್ಲಿ ತಿರುಳು ಕೆಟ್ಟಿದೆ. ಪಟ್ಟಿಯ ಲ್ಯಾನ್ಯಾರ್ಡ್ ನೋಡಲು ಎಲ್ಲಕ್ಕಿಂತ ಸುಲಭ. ಅಂಚು ಕತ್ತರಿಸಿದ್ದು ಎದ್ದು ಕಾಣುತ್ತದೆ. ಆದರೆ ಪತ್ರಾದ (ಚಾವಣಿಯ ತಗಡಿನ) ಅಂಚಿಗೆ ಬೇಗ ಸೋಲುವುದೂ ಅದೇ. ಹರಿತ ಅಂಚಿನ ಕಡೆ ವೈರ್ ಲ್ಯಾನ್ಯಾರ್ಡ್ ಒಳ್ಳೆಯದು. ಕೈಗವಸು ಹಾಕಿ ಬಟ್ಟೆಯ ತುಂಡಿನಿಂದ ಉದ್ದಕ್ಕೂ ಒರೆಸಿದರೆ ತುಂಡಾದ ತಂತಿ ಬಟ್ಟೆಯನ್ನು ಹಿಡಿದು ತೋರಿಸುತ್ತದೆ. ಕರೆಂಟಿನ ಕೆಲಸದ ಹತ್ತಿರ ಮಾತ್ರ ಅದನ್ನು ಒಯ್ಯಬೇಡಿ.

ಯಾವುದೇ ಆದರೂ ಶಾಕ್ ಅಬ್ಸಾರ್ಬರ್ ಇಲ್ಲದ್ದನ್ನು ಬೀಳುವ ಅಪಾಯದ ಕೆಲಸಕ್ಕೆ ಕೊಳ್ಳಬೇಡಿ. 2 ಮೀಟರ್ ಬಿದ್ದ ಮನುಷ್ಯ ಸೆಕೆಂಡಿಗೆ 6 ಮೀಟರಿಗಿಂತ ಹೆಚ್ಚಿನ ವೇಗದಲ್ಲಿರುತ್ತಾನೆ, ಗಂಟೆಗೆ 22 ಕಿಲೋಮೀಟರಿನ ಮೇಲೆ. ಆ ವೇಗ ಕೆಲವು ಇಂಚಿನಲ್ಲಿ ನಿಂತರೆ ಮೂಳೆ ಉಳಿಯುವುದಿಲ್ಲ. ಅಬ್ಸಾರ್ಬರ್ ಒಳಗಿನ ಮಡಿಕೆಯ ಹೊಲಿಗೆ ಹರಿಯುತ್ತ ಹೋಗಿ ಎಳೆತವನ್ನು 6 ಕಿಲೋನ್ಯೂಟನ್ ಒಳಗೆ ಇಡುತ್ತದೆ. ಅದೇನೂ ಕಡಿಮೆಯಲ್ಲ, ಆರು ಕ್ವಿಂಟಲ್ ತೊಗರಿಯ ತೂಕ ಒಂದು ಗಳಿಗೆ ಮೈಮೇಲೆ ಬಿದ್ದ ಹಾಗೆ. ತಪಾಸಣೆಯಲ್ಲಿ ಅಬ್ಸಾರ್ಬರಿನ ಹೊರಕವಚ ಹರಿದಿದೆಯೆ, ಪೊಟ್ಟಣ ಉದ್ದವಾಗಿದೆಯೆ, ಒಳಗಿನ ಮಡಿಕೆ ಹೊರಗೆ ಇಣುಕುತ್ತಿದೆಯೆ ನೋಡಿ. ಕವಚ ಪಾರದರ್ಶಕವಾಗಿದ್ದರೆ ಒಳಗಿನ ಲೇಬಲ್ಲೂ ಮಡಿಕೆಯೂ ಬಿಚ್ಚದೆ ಕಾಣುತ್ತವೆ. ಕೊಳ್ಳುವಾಗ ಅಂಥದ್ದನ್ನೇ ಕೇಳಿ. ಹರಿದ ಕವಚಕ್ಕೆ ಇನ್ಸುಲೇಶನ್ ಟೇಪ್ ಸುತ್ತಿದ್ದು ಕಂಡರೆ ಒಳಗೇನಿದೆ ಎಂದು ವಾದ ಬೇಡ, ತೆಗೆದುಹಾಕಿ.

ಒಂದೇ ಹಗ್ಗವೋ ಎರಡು ಕವಲಿನದೋ ಎಂದರೆ, ಜಾಗ ಬದಲಿಸುತ್ತ ನಡೆಯುವ ಕೆಲಸಕ್ಕೆ ಎರಡು ಕವಲಿನದೇ ಬೇಕು. ಒಂದು ಹುಕ್ಕು ಬಿಡುವ ಮೊದಲು ಇನ್ನೊಂದು ಸಿಕ್ಕಿಸಿರುತ್ತದೆ. ಅದರ ಜೊತೆ ಬರುವ ಒಂದು ತಪ್ಪನ್ನು ಎಲ್ಲೆಡೆ ಕಾಣಬಹುದು: ಖಾಲಿ ಹುಕ್ಕನ್ನು ಹಾರ್ನೆಸ್ಸಿನ ಗಟ್ಟಿ ಡಿ-ರಿಂಗಿಗೇ ಸಿಕ್ಕಿಸಿ ಓಡಾಡುವುದು. ಆಗ ಬಿದ್ದರೆ ಎಳೆತ ಅಬ್ಸಾರ್ಬರನ್ನು ದಾಟಿ, ಖಾಲಿ ಕವಲಿನ ಮೂಲಕ ನೇರವಾಗಿ ಮೈಗೆ ಬರುತ್ತದೆ. ಅಬ್ಸಾರ್ಬರ್ ಇದ್ದೂ ಇಲ್ಲದಂತೆ. ಖಾಲಿ ಹುಕ್ಕಿಗೆಂದೇ ಎದೆಯ ಬಳಿ ಎಳೆದರೆ ಕಿತ್ತುಬರುವ ಪ್ಲಾಸ್ಟಿಕ್ ಅಥವಾ ಬಟ್ಟೆಯ ಕೊಂಡಿ ಇರುವ ಹಾರ್ನೆಸ್ ಕೊಳ್ಳಿ. ತಪಾಸಣೆಯಲ್ಲಿ ಆ ಕೊಂಡಿಯೂ ಇದೆಯೆ ನೋಡಿ. ಅದು ಕಿತ್ತುಹೋದ ಮರುದಿನದಿಂದಲೇ ಹುಕ್ಕು ಡಿ-ರಿಂಗಿಗೆ ಹೋಗುತ್ತದೆ.

ಹುಕ್ಕಿನ ಬಾಯಿಯ ಅಳತೆಗೂ ಗಮನ ಕೊಡಿ. ಸ್ಕ್ಯಾಫೋಲ್ಡಿಂಗಿನ 40 ಎನ್‌ಬಿ ಪೈಪಿನ ಹೊರ ವ್ಯಾಸ 48.3 ಮಿ.ಮೀ. ಬಾಯಿ 50 ಮಿ.ಮೀ.ಗಿಂತ ಕಡಿಮೆ ಇರುವ ಹುಕ್ಕು ಅದಕ್ಕೆ ಕೂರದು. ಕೂರದಿದ್ದಾಗ ಹುಡುಗರು ಹಗ್ಗವನ್ನೇ ಪೈಪಿಗೆ ಸುತ್ತಿ ಹಗ್ಗದ ಮೇಲೆ ಹುಕ್ಕು ಹಾಕುತ್ತಾರೆ, ಇಲ್ಲವೇ ಗಂಟು ಕಟ್ಟುತ್ತಾರೆ. ಗಂಟು ಬಿದ್ದ ಕಡೆ ಬಲ ಅರ್ಧದವರೆಗೂ ಇಳಿಯಬಹುದು. ತಪಾಸಣೆಯಲ್ಲಿ ಹಗ್ಗದ ನಡುಭಾಗ ಹುಕ್ಕಿನ ಅಂಚಿಗೆ ಸವೆದ ಗುರುತು ಕಂಡರೆ ಹಗ್ಗ ತೆಗೆದುಹಾಕಿದರೆ ಸಾಲದು, ಹುಕ್ಕಿನ ಅಳತೆ ಬದಲಿಸಿ. ಹಾಗೆ ಮಾಡದಿದ್ದರೆ ಮುಂದಿನ ಹಗ್ಗಕ್ಕೂ ಅದೇ ಗತಿ.

2 ಮೀಟರ್ ಹಗ್ಗವೋ, ರಿಟ್ರ್ಯಾಕ್ಟೇಬಲ್ಲೋ

ಮೊದಲು ಎತ್ತರದ ಲೆಕ್ಕ. ಹಗ್ಗ 2 ಮೀಟರ್, ಅಬ್ಸಾರ್ಬರ್ ಬಿಚ್ಚಿಕೊಳ್ಳುವುದು ಹೆಚ್ಚೆಂದರೆ 1.75, ಬೆನ್ನಿನ ಡಿ-ರಿಂಗಿನಿಂದ ಅಂಗಾಲಿನವರೆಗೆ 1.5, ಮೇಲೊಂದು ಮೀಟರ್ ಮುಂಜಾಗ್ರತೆ. ಕೂಡಿಸಿದರೆ 6.25 ಮೀಟರ್. ಹುಕ್ಕು ಹಾಕಿದ ಜಾಗದ ಕೆಳಗೆ ಇಷ್ಟು ಖಾಲಿ ಇರಲೇಬೇಕು. ದಾಲ್ ಮಿಲ್ಲಿನ ಶೆಡ್ಡು 5–6 ಮೀಟರ್ ಎತ್ತರವಿದ್ದು, ಅದರ ಪತ್ರಾದ ಮೇಲೆ ಕಾಲಬುಡದಲ್ಲಿ ಹುಕ್ಕು ಹಾಕಿ ಬಿದ್ದವನು ಬೆಲ್ಟ್ ಪೂರ್ತಿ ತಡೆದು ನಿಲ್ಲಿಸುವ ಮೊದಲೇ ನೆಲಕ್ಕೆ ತಾಗಬಹುದು. ಬೆಲ್ಟ್ ಹೊಸದಿರಲಿ, ತಪಾಸಣೆ ಪಾಸಾಗಿರಲಿ, ಅಪಾಯ ಅದೇ.

ಇಂಥ ಕಡೆ ಆಯ್ಕೆ ಎರಡು. ಒಂದು, ಬೀಳುವ ಅಂಚಿನವರೆಗೆ ಹೋಗಲಿಕ್ಕೇ ಬಿಡದ ಗಿಡ್ಡ, ಹೊಂದಿಸಬಹುದಾದ ಹಗ್ಗ. ಅಂಚಿಗಿಂತ ಒಂದು ಮೀಟರ್ ಮೊದಲೇ ಅದು ತಡೆಯುತ್ತದೆ. ಖರ್ಚು ಕಡಿಮೆ, ತಪಾಸಣೆ ಸುಲಭ. ಆದರೆ ಹಳೆಯ ಸಿಮೆಂಟ್ ಶೀಟಿನ ಚಾವಣಿಗೆ ಇದು ನಡೆಯುವುದಿಲ್ಲ. ಅಲ್ಲಿ ಮನುಷ್ಯ ಅಂಚಿನಿಂದ ಬೀಳುವುದಕ್ಕಿಂತ ನಡುವಿನ ಶೀಟ್ ಒಡೆದು ಕೆಳಗೆ ಹೋಗುವುದೇ ಹೆಚ್ಚು. ಕಾಲಿಡಲು ಹಲಗೆ, ಕೆಳಗೆ ಬಲೆ ಬೇಕು. ಎರಡು, ತಲೆಯ ಮೇಲೆ ಹುಕ್ಕು ಹಾಕಲು ಗಟ್ಟಿ ಜಾಗ ಇದ್ದರೆ ರಿಟ್ರ್ಯಾಕ್ಟೇಬಲ್ ಫಾಲ್ ಅರೆಸ್ಟರ್. ಕಾರಿನ ಸೀಟ್ ಬೆಲ್ಟಿನ ಹಾಗೆ ಮೆಲ್ಲಗೆ ಎಳೆದರೆ ಬರುತ್ತದೆ, ಜೋರಾಗಿ ಎಳೆದರೆ ಹಿಡಿಯುತ್ತದೆ. ಕಾಲ ಕೆಳಗೆ ಸಾಮಾನ್ಯವಾಗಿ ಮೂರು ಮೀಟರ್ ಖಾಲಿ ಸಾಕು. ನಿಖರವಾದ ಅಂಕಿ ಆಯಾ ಸಾಧನದ ಲೇಬಲ್ಲಿನಲ್ಲಿರುತ್ತದೆ.

ಆದರೆ ತಪಾಸಣೆಯ ದೃಷ್ಟಿಯಿಂದ ರಿಟ್ರ್ಯಾಕ್ಟೇಬಲ್ ಮುಚ್ಚಿದ ಡಬ್ಬಿ. ಸ್ಪ್ರಿಂಗು, ಹಿಡಿಯುವ ಪಾಲ್ ಎಂಬ ಹಲ್ಲು, ಬ್ರೇಕ್ ಎಲ್ಲ ಒಳಗೆ. ಹೊರಗಿನಿಂದ ನೋಡಬಹುದಾದದ್ದು ಇಷ್ಟು: ವೈರ್ ಅಥವಾ ಪಟ್ಟಿಯನ್ನು ಕೊನೆಯವರೆಗೆ ಎಳೆದು ಪೂರ್ತಿ ಉದ್ದ ನೋಡುವುದು, ಅಲ್ಲಲ್ಲಿ ನಿಲ್ಲಿಸಿ ಜಗ್ಗಿ ಹಿಡಿಯುತ್ತದೆಯೆ ಎಂದು ಪರೀಕ್ಷಿಸುವುದು, ತಾನಾಗಿ ಪೂರ್ತಿ ಒಳಗೆ ಹೋಗುತ್ತದೆಯೆ ನೋಡುವುದು, ಕೆಳತುದಿಯ ತಿರುಗುವ (ಸ್ವಿವೆಲ್) ಹುಕ್ಕಿನಲ್ಲಿ ಬಿದ್ದ ಗುರುತು ತೋರಿಸುವ ಲೋಡ್ ಇಂಡಿಕೇಟರ್ ಕೆಂಪಾಗಿದೆಯೆ ನೋಡುವುದು, ಡಬ್ಬಿಯ ಸ್ಕ್ರೂ ಸಡಿಲವಿದೆಯೆ, ಎಲ್ಲಾದರೂ ಬಿರುಕಿದೆಯೆ ನೋಡುವುದು. ಸಿಮೆಂಟ್ ಧೂಳಿನಲ್ಲಿ ಒಳಗಿನ ಪಾಲ್ ಅಂಟಿಕೊಂಡು ಹತ್ತು ಸಲದಲ್ಲಿ ಒಂದು ಸಲ ಹಿಡಿಯದೆ ಹೋಗಬಹುದು. ಹಾಗಾಗಿ ಒಂದು ಸಲ ಜಗ್ಗಿ ಬಿಟ್ಟರೆ ಸಾಲದು, ಬೇರೆಬೇರೆ ಉದ್ದದಲ್ಲಿ ನಾಲ್ಕೈದು ಸಲ ಜಗ್ಗಿ. ಎಳೆದದ್ದನ್ನು ಕೈಬಿಟ್ಟು ರಪ್ಪನೆ ಒಳಗೆ ಹೋಗಲು ಬಿಡಬೇಡಿ, ಸ್ಪ್ರಿಂಗು ಹಾಳಾಗುವುದೇ ಹಾಗೆ. ರಾತ್ರಿಯೆಲ್ಲ ಪೂರ್ತಿ ಎಳೆದು ಏಣಿಗೆ ಕಟ್ಟಿಟ್ಟ ಅರೆಸ್ಟರಿನ ಸ್ಪ್ರಿಂಗೂ ಬೇಗ ಸೋಲುತ್ತದೆ.

ಒಳಗಿನ ರಿಪೇರಿ ನಿಮ್ಮ ವರ್ಕ್‌ಶಾಪಿನ ಕೆಲಸವಲ್ಲ, ತಯಾರಕರ ಸರ್ವಿಸ್ ಸೆಂಟರಿನದು. ಕೊಳ್ಳುವ ಮೊದಲೇ ಕೇಳಿ: ಸೆಂಟರ್ ಹೈದರಾಬಾದಿನಲ್ಲಿದೆಯೋ, ಪುಣೆಯಲ್ಲೋ, ಮುಂಬೈಯಲ್ಲೋ, ಕಳಿಸಿದರೆ ವಾಪಸು ಬರಲು ಎಷ್ಟು ದಿನ, ಅಷ್ಟು ದಿನ ಬದಲಿ ಕೊಡುತ್ತೀರಾ. ಬದಲಿ ಇಲ್ಲದಿದ್ದರೆ ಅರೆಸ್ಟರನ್ನು ಯಾರೂ ಸರ್ವಿಸಿಗೆ ಕಳಿಸುವುದಿಲ್ಲ. ಧೂಳಿನ ಜಾಗಕ್ಕೆ ಸೀಲ್ ಮಾಡಿದ ಡಬ್ಬಿಯದನ್ನೇ ಆರಿಸಿ. ಹುಕ್ಕು ತಲೆಯ ನೇರ ಮೇಲಿಲ್ಲದೆ ಪಕ್ಕಕ್ಕಿದ್ದರೆ ಬಿದ್ದವನು ಲೋಲಕದ ಹಾಗೆ ತೂಗಿ ಗೋಡೆಗೆ ಬಡಿಯುತ್ತಾನೆ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಲಬುಡದಲ್ಲಿ ಇಟ್ಟು ಅಂಚಿನ ಮೇಲೆ ಬಳಸಲು ಮಾಮೂಲಿ ಅರೆಸ್ಟರ್ ಬರುವುದಿಲ್ಲ, ಅಂಚಿನ ಬಳಕೆಗೆಂದೇ ಪರೀಕ್ಷಿಸಿದ ಮಾದರಿ ಬೇರೆ ಇದೆ.

ಸೈಲೋ, ಚಿಮಣಿಯ ನೇರ ಏಣಿಗೆ ಇನ್ನೊಂದು ದಾರಿ ರೋಪ್ ಗ್ರ್ಯಾಬ್, ಅಂದರೆ ಇಳಿಬಿಟ್ಟ ಹಗ್ಗದ ಮೇಲೆ ಜೊತೆಗೇ ಸರಿದು, ಬಿದ್ದಾಗ ಹಗ್ಗವನ್ನು ಕಚ್ಚುವ ಸಾಧನ. ಇದರಲ್ಲಿ ನಡೆಯುವ ತಪ್ಪು ಎರಡೇ. 16 ಮಿ.ಮೀ. ಹಗ್ಗಕ್ಕೆಂದು ಮಾಡಿದ ಗ್ರ್ಯಾಬನ್ನು 12ರ ಹಗ್ಗಕ್ಕೆ ಹಾಕುವುದು, ಬಾಣದ ಗುರುತು ಕೆಳಗೆ ಮಾಡಿ ಹಾಕುವುದು. ಎರಡರಲ್ಲೂ ಅದು ಹಿಡಿಯುವುದಿಲ್ಲ. ಗ್ರ್ಯಾಬು, ಹಗ್ಗ ಎರಡನ್ನೂ ಒಂದೇ ತಯಾರಕರಿಂದ ಜೋಡಿಯಾಗಿ ಕೊಳ್ಳಿ, ಎರಡರ ಮೇಲೂ ಒಂದೇ ನಂಬರಿನ ಟ್ಯಾಗ್ ಹಾಕಿ. ಶಾಶ್ವತ ಏಣಿಯಾದರೆ ಪಕ್ಕದಲ್ಲಿ ಸ್ಟೀಲ್ ವೈರಿನ ಲೈನ್ ಹಾಕಿಸುವುದು ಇನ್ನೂ ಒಳ್ಳೆಯದು, ಬಿಸಿಲಿಗೆ ಕೊಳೆಯುವ ಹಗ್ಗದ ತಾಪತ್ರಯ ಇರುವುದಿಲ್ಲ.

ಹುಕ್ಕು ಹಾಕುವ ಜಾಗ

ಬೆಲ್ಟನ್ನು ಭೂತಗನ್ನಡಿ ಹಿಡಿದು ನೋಡುವವರೂ ಆ್ಯಂಕರ್, ಅಂದರೆ ಹುಕ್ಕು ಹಾಕುವ ಜಾಗ, ನೋಡುವುದಿಲ್ಲ. ಯುರೋಪಿನ ಮಾನದಂಡ ಒಬ್ಬನಿಗೆ ಕನಿಷ್ಠ 12 ಕಿಲೋನ್ಯೂಟನ್ ತಾಳುವ ಆ್ಯಂಕರ್ ಕೇಳುತ್ತದೆ, ಅಮೆರಿಕದ ನಿಯಮ ಎಂಜಿನಿಯರ್ ಲೆಕ್ಕ ಹಾಕದ ಕಡೆ 22. ಕೇಬಲ್ ಟ್ರೇ, ನೀರಿನ ಪೈಪು, ಹ್ಯಾಂಡ್‌ರೈಲು, ತೆಳು ತಗಡಿನ ಪರ್ಲಿನ್ (ಚಾವಣಿ ಹೊರುವ ಅಡ್ಡಪಟ್ಟಿ) ಇದಕ್ಕೆ ಬರುವುದಿಲ್ಲ. ಟ್ರಸ್ಸಿನ ಕೂಡುಜಾಗ, ಮುಖ್ಯ ಬೀಮು ಬರಬಹುದು, ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಒಪ್ಪಿದ ಜಾಗಕ್ಕೆ ಹಳದಿ ಬಣ್ಣ ಬಳಿದು ನಂಬರ್ ಬರೆಸಿ. ಆಗ ತಪಾಸಣೆಯ ಪಟ್ಟಿಗೆ ಅದೂ ಸೇರುತ್ತದೆ.

ತಪಾಸಣೆ ಯಾರದು

ಮೂರು ಹಂತ ಬೇಕೇ ಬೇಕು. ತೊಡುವವನು ಪ್ರತಿ ಸಲ ತೊಡುವ ಮೊದಲು, ಎರಡು ಮೂರು ನಿಮಿಷ. ಮೇಲ್ವಿಚಾರಕ ತಿಂಗಳಿಗೊಮ್ಮೆ. ತರಬೇತಿ ಪಡೆದ ಸಮರ್ಥ ವ್ಯಕ್ತಿ ವರ್ಷಕ್ಕೆ ಕನಿಷ್ಠ ಒಮ್ಮೆ, ಬರೆದಿಟ್ಟು. ಧೂಳು, ವೆಲ್ಡಿಂಗ್, ರಾಸಾಯನಿಕ ಇರುವ ಕಡೆ ವರ್ಷದ ಲೆಕ್ಕ ಸಾಲದು, ಮೂರು ತಿಂಗಳಿಗೊಮ್ಮೆ ಮಾಡಿಸಿ. ಸಕ್ಕರೆ ಕಾರ್ಖಾನೆಯಲ್ಲಿ ನುರಿಸುವಿಕೆ ಮುಗಿದು ದುರಸ್ತಿ ಶುರುವಾಗುವ ಮೊದಲು, ದಾಲ್ ಮಿಲ್ಲಿನಲ್ಲಿ ಮಳೆಗಾಲಕ್ಕೆ ಮುಂಚೆ ಪತ್ರಾ ಸರಿಮಾಡುವ ಮೇ ತಿಂಗಳಿಗಿಂತ ಮೊದಲು ದೊಡ್ಡ ತಪಾಸಣೆ ಇಟ್ಟುಕೊಂಡರೆ ಸರಿಹೋಗುತ್ತದೆ. ವರ್ಷಪೂರ್ತಿ ಮೂಲೆಯಲ್ಲಿದ್ದ ಬೆಲ್ಟುಗಳೆಲ್ಲ ಹೊರಬರುವುದು ಆಗಲೇ.

ಮೂರನೆಯ ಹಂತಕ್ಕೆ ಯಾರನ್ನು ಆರಿಸುವುದು? ಮಾರಿದ ಡೀಲರ್ ಪುಕ್ಕಟೆ ಮಾಡಿಕೊಡುತ್ತೇನೆ ಎನ್ನುತ್ತಾನೆ. ಸಾಧನದ ಪರಿಚಯ ಅವನಿಗಿದೆ, ಆದರೆ ಹೊಸದು ಮಾರುವ ಆಸೆಯೂ ಇದೆ, ಗಿರಾಕಿಯನ್ನು ಮುನಿಸದಿರುವ ಆಸೆಯೂ ಇದೆ. ಯಾವುದು ಗೆಲ್ಲುತ್ತದೋ ಹೇಳಲಾಗದು. ಹೊರಗಿನ ಸಂಸ್ಥೆ ನಿರ್ಲಿಪ್ತವಾಗಿ ನೋಡುತ್ತದೆ, ಕಾಗದ ಗಟ್ಟಿಯಾಗಿರುತ್ತದೆ, ಆದರೆ ವರ್ಷಕ್ಕೊಮ್ಮೆ ಬಂದು ಒಂದೇ ದಿನದಲ್ಲಿ ಇನ್ನೂರು ಬೆಲ್ಟ್ ನೋಡಿ ಹೋದರೆ ಆ ಕಾಗದಕ್ಕೆ ಬೆಲೆಯಿಲ್ಲ. ಹಾರ್ನೆಸ್ಸಿಗೆ ಹತ್ತು ನಿಮಿಷ, ಲ್ಯಾನ್ಯಾರ್ಡಿಗೆ ಐದು, ಅರೆಸ್ಟರಿಗೆ ಹದಿನೈದು ಬೇಕು. ಒಬ್ಬನ ಕಣ್ಣು ದಿನಕ್ಕೆ ಇಪ್ಪತ್ತೈದು ಸೆಟ್ಟಿನ ಆಚೆ ದಣಿಯುತ್ತದೆ. ಸ್ವಂತ ಮನುಷ್ಯನಿಗೆ ಯಾವ ಬೆಲ್ಟ್ ಎಲ್ಲಿ ದುಡಿದಿದೆ ಎಂಬುದು ಗೊತ್ತು, ಅದು ದೊಡ್ಡ ಅನುಕೂಲ. ಅವನ ಮೇಲೆ ಬೀಳುವ ಒತ್ತಡವೂ ಅಷ್ಟೇ ದೊಡ್ಡದು: "ಇನ್ನಾ ಛಲೋ ಅದರಿ, ಒಂದ್ ಶಟ್‌ಡೌನ್ ನಡೀತದ ಬಿಡ್ರಿ."

ನಮ್ಮ ಸಲಹೆ ಇದು: 30 ಸೆಟ್ಟಿಗಿಂತ ಹೆಚ್ಚಿದ್ದರೆ ಸ್ವಂತದ ಇಬ್ಬರಿಗೆ ತರಬೇತಿ ಕೊಡಿಸಿ, ವರ್ಷಕ್ಕೊಮ್ಮೆ ಹೊರಗಿನವರಿಂದ ಮರುಪರೀಕ್ಷೆ ಮಾಡಿಸಿ. ಐದಾರು ಸೆಟ್ಟಿನ ಮಿಲ್ಲಿಗೆ ಹೊರಗಿನವರೇ ಸಾಕು, ತಿಂಗಳಿನ ತಪಾಸಣೆಯನ್ನು ಮಾತ್ರ ಫಿಟ್ಟರ್ ಕಲಿತಿರಬೇಕು. ಹೊಸ ಬೆಲ್ಟಿನ ದುಡ್ಡಿಗೆ ಲೆಕ್ಕ ಕೊಡಬೇಕಾದ ಮನುಷ್ಯನ ಕೈಗೆ ಪಾಸು–ಫೇಲಿನ ಅಧಿಕಾರ ಕೊಡಬೇಡಿ.

ನೋಡುವ ಕ್ರಮ ಹೀಗಿರಲಿ. ಬೆಳಿಗ್ಗೆ ಬಯಲು ಬೆಳಕಿನಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಬೆಲ್ಟ್ ಶುಚಿ ಮಾಡಿದ ಮೇಲೆಯೇ. ಮೊದಲು ಲೇಬಲ್. ತಯಾರಿಕೆಯ ತಿಂಗಳು, ಸೀರಿಯಲ್ ನಂಬರ್ ಓದಲು ಬರದಿದ್ದರೆ ಮುಂದೆ ನೋಡುವ ಅಗತ್ಯವಿಲ್ಲ, ಅದು ಫೇಲ್. ಪುಸ್ತಿಕೆಯಲ್ಲಿ ಆಯುಸ್ಸು ತಯಾರಿಕೆಯ ದಿನದಿಂದಲೋ ಮೊದಲ ಬಳಕೆಯಿಂದಲೋ ಎಂದು ನೋಡಿ. ಆಮೇಲೆ ಬೆನ್ನಿನ ಡಿ-ರಿಂಗ್ ಹಿಡಿದೆತ್ತಿ ಹಾರ್ನೆಸ್ಸನ್ನು ಜೋತುಬಿಡಿ, ತಿರುಚಿಕೊಂಡಿದ್ದು ಕಾಣುತ್ತದೆ. ಪಟ್ಟಿಯನ್ನು ಎರಡೂ ಕೈಯಲ್ಲಿ ಒಂದು ಗೇಣು ಅಂತರದಲ್ಲಿ ಹಿಡಿದು ತಲೆಕೆಳಗಾದ ಯು ಆಕಾರದಲ್ಲಿ ಬಾಗಿಸಿ. ಕತ್ತರಿಸಿದ, ಸುಟ್ಟ, ಹರಿದ ಎಳೆ ಆ ಬಾಗಿನ ಮೇಲೆ ಬಾಯಿ ಬಿಡುತ್ತದೆ. ಹೀಗೆ ಗೇಣುಗೇಣಾಗಿ ಎರಡೂ ಮಗ್ಗುಲು, ಎರಡೂ ಅಂಚು. ಪಟ್ಟಿಯ ತುದಿ ಹಿಡಿದಿಡುವ ಪ್ಲಾಸ್ಟಿಕ್ ಕೀಪರ್ ಸರಿಸಿ ಅಡಿಯಲ್ಲಿರುವ ಮೂಲ ಬಣ್ಣವನ್ನು ಹೊರಗಿನ ಬಣ್ಣದೊಂದಿಗೆ ಹೋಲಿಸಿ. ಹೊರಗೆ ಪೂರ್ತಿ ಬಿಳಿಚಿ, ಮೇಲ್ಮೈ ನೂಲುನೂಲಾಗಿದ್ದರೆ ಬಿಸಿಲು ತನ್ನ ಕೆಲಸ ಮುಗಿಸಿದೆ. ಡಿ-ರಿಂಗಿನಲ್ಲಿ ಪಟ್ಟಿ ಉಜ್ಜುವ ಜಾಗ, ಬಕಲಿನ ನಾಲಗೆ ಬಾಗಿದ್ದು, ರಂಧ್ರದ ಲೋಹದ ಉಂಗುರ ಸಡಿಲಾದದ್ದು ನೋಡಿ. ಅಂಗಡಿಯಲ್ಲಿಲ್ಲದ ಹೊಸ ತೂತು ಮೊಳೆಯಿಂದ ಹೊಡೆದದ್ದು ಕಂಡರೆ ಆ ಬೆಲ್ಟೂ ಹೋಯಿತು.

ಹುಕ್ಕಿಗೆ ಬಂದರೆ, ಎರಡು ಬೇರೆಬೇರೆ ಒತ್ತು ಇಲ್ಲದೆ ಬಾಯಿ ತೆರೆಯಬಾರದು. ಬಿಟ್ಟರೆ ತಾನೇ ಮುಚ್ಚಿ ಲಾಕ್ ಆಗಬೇಕು. ಮೆಲ್ಲಗೆ ಬಿಟ್ಟು ನೋಡಿ, ರಪ್ಪನೆ ಬಿಟ್ಟರೆ ಸೋತ ಸ್ಪ್ರಿಂಗೂ ಮುಚ್ಚುತ್ತದೆ. ಅಂಟು, ಧೂಳು ಇದ್ದರೆ ತೊಳೆದು ಇನ್ನೊಮ್ಮೆ ನೋಡಿ, ಆಮೇಲೂ ಸಿಕ್ಕಿಕೊಂಡರೆ ಫೇಲ್.

ತೊಳೆಯಲು ಮೆದು ಸೋಪು, 40 ಡಿಗ್ರಿ ಮೀರದ ನೀರು. ಕಲಬುರಗಿಯ ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನ ಮಧ್ಯಾಹ್ನದ ನೀರೇ ಅದನ್ನು ದಾಟಿರಬಹುದು, ಬೆಳಗಿನ ನೀರು ಬಳಸಿ. ಬ್ಲೀಚಿಂಗ್, ಥಿನ್ನರ್, ಪೆಟ್ರೋಲ್ ಬೇಡ. ನೆರಳಲ್ಲಿ ಒಣಗಿಸಿ. ಹೆಸರನ್ನು ಮಾರ್ಕರಿನಿಂದ ಪಟ್ಟಿಯ ಮೇಲೆ ಬರೆಯಬೇಡಿ, ಟ್ಯಾಗ್ ಮೇಲೆ ಬರೆಯಿರಿ.

ಬಣ್ಣದ ಟ್ಯಾಗೋ, ರಿಜಿಸ್ಟರೋ

ಮೂರು ತಿಂಗಳಿಗೊಂದು ಬಣ್ಣದ ಟ್ಯಾಗ್ ಕಟ್ಟುವುದು ದೂರದಿಂದ ಕಾಣುತ್ತದೆ, ಓದುಬರಹ ಬಾರದವರಿಗೂ ತಿಳಿಯುತ್ತದೆ. ಅದರ ದೋಷವೆಂದರೆ ಟ್ಯಾಗ್ ಬಿಚ್ಚಿ ಇನ್ನೊಂದಕ್ಕೆ ಕಟ್ಟಬಹುದು, ಟೇಪಾದರೆ ಯಾರು ಬೇಕಾದರೂ ಸುತ್ತಬಹುದು. ರಿಜಿಸ್ಟರಿನಲ್ಲಿ ಸೀರಿಯಲ್ ನಂಬರ್, ಕಂಡ ದೋಷ, ತೀರ್ಮಾನ, ಸಹಿ ಉಳಿಯುತ್ತದೆ, ಆದರೆ ಕೆಲಸದ ಜಾಗದಲ್ಲಿ ಅದು ಕಾಣುವುದಿಲ್ಲ. ಎರಡೂ ಇರಲಿ. ಕ್ಯೂಆರ್ ಸ್ಟಿಕ್ಕರ್ ಸಿಮೆಂಟ್ ಧೂಳಿಗೆ ಬೇಗ ಅಳಿಸುತ್ತದೆ, ಹಾಕುವುದಿದ್ದರೆ ಲೋಹದ ಬಿಲ್ಲೆಯ ಮೇಲೆ ಕೆತ್ತಿಸಿ. ಗುತ್ತಿಗೆದಾರರು ತಂದ ಬೆಲ್ಟುಗಳಿಗೆ ಗೇಟಿನಲ್ಲೇ ಟ್ಯಾಗ್ ಕಟ್ಟಿ. ಟ್ಯಾಗ್ ಇಲ್ಲದ್ದು ಒಳಗೆ ಬರಬಾರದು. ಮುಕದ್ದಮರು (ಗುತ್ತಿಗೆಯ ಮೇಸ್ತ್ರಿಗಳು) ಎರಡು ದಿನ ಗೊಣಗುತ್ತಾರೆ, ಆಮೇಲೆ ತಾವೇ ಒಳ್ಳೆಯದನ್ನು ತರುತ್ತಾರೆ.

ಫೇಲಾದ ಬೆಲ್ಟನ್ನು ಅದೇ ದಿನ, ಎಲ್ಲರ ಮುಂದೆ, ಹೆಗಲು ಮತ್ತು ತೊಡೆಯ ಪಟ್ಟಿ ಎರಡೂ ಕಡೆ ಕತ್ತರಿಸಿ. ಕತ್ತರಿಸದೆ ಮೂಲೆಗೆ ಎಸೆದದ್ದು ಟಂಟಂ ಗಾಡಿಯ ಲೋಡ್ ಕಟ್ಟಲು ಹೋಗುತ್ತದೆ, ಇಲ್ಲವೇ ಬೆಲ್ಟ್ ಸಾಲದ ದಿನ ಮತ್ತೆ ಯಾರದೋ ಬೆನ್ನೇರುತ್ತದೆ.

ಬೆಲ್ಟ್ ಸಾಲದ ದಿನ ಬರುವುದು ಕೊಳ್ಳುವಾಗಿನ ಲೆಕ್ಕದಿಂದಲೇ. ಎಂಟು ಜನ ಮೇಲೇರುವ ಕಡೆ ಎಂಟೇ ಸೆಟ್ ತಂದರೆ ತಪಾಸಣೆ ಮಾಡುವವನು ಒಂದನ್ನು ಫೇಲ್ ಮಾಡಿದ ಕೂಡಲೇ ಒಬ್ಬನ ಕೆಲಸ ನಿಲ್ಲುತ್ತದೆ. ಆಮೇಲೆ ಅವನ ಪೆನ್ನು ಫೇಲ್ ಎಂದು ಬರೆಯುವುದೇ ಇಲ್ಲ. ಹತ್ತು ತನ್ನಿ. ಮುಂದೆ ಬದಲಿಸುವಾಗ ಒಂದೇ ಸಲಕ್ಕೆ ತರದೆ ಐದೈದಾಗಿ ಆರು ತಿಂಗಳ ಅಂತರದಲ್ಲಿ ತಂದರೆ, ಎಲ್ಲದರ ಆಯುಸ್ಸು ಒಂದೇ ತಿಂಗಳಲ್ಲಿ ಮುಗಿಯುವುದಿಲ್ಲ.